ತೆಂಕಣ ಮಗ್ಗುಲು, ಬಡಗಣ ಮಗ್ಗುಲು: ಒಂದೇ ದಿಣ್ಣೆಯ ಎರಡು ಮಣ್ಣುಗಳನ್ನು ಅಳೆದ ದಾಖಲೆ

ಪಾಂಡವಪುರದಿಂದ ಮೇಲುಕೋಟೆಯ ಕಡೆಗೆ ಹೋಗುವಾಗ ಗದ್ದೆ ಮತ್ತು ಕಬ್ಬಿನ ಹಸಿರು ಮುಗಿದು, ನಾಲೆಯ ನೀರು ಹತ್ತಲಾರದ ಎತ್ತರ ಶುರುವಾಗುವ ಕಡೆ ನಮ್ಮ ಮನೆತನದ ಮೂರೂವರೆ ಎಕರೆ ಹಕ್ಕಲು ಇದೆ. ಅದರ ನಡುವೆ ಮೂಡಲಿಂದ ಪಡುವಲಿಗೆ ಒಂದು ದಿಣ್ಣೆ ಎಮ್ಮೆಯ ಬೆನ್ನಿನಂತೆ ಹಾದುಹೋಗುತ್ತದೆ. ಹಾಗಾಗಿ ಜಮೀನಿನ ಅರ್ಧ ಬಡಗಲಿಗೂ ಉಳಿದರ್ಧ ತೆಂಕಲಿಗೂ ಇಳಿಯುತ್ತದೆ. ಕೆಲವು ವರ್ಷಗಳ ಹಿಂದೆ ಮುಂಗಾರಿನಲ್ಲಿ ನಾನು ಎರಡೂ ಮಗ್ಗುಲಿಗೆ ನಲವತ್ತು ನಲವತ್ತು ಸಸಿ ನೆಡಿಸಿದ್ದೆ. ನೆಟ್ಟ ದಿನ, ಸಸಿ ತಂದ ನರ್ಸರಿ, ಗುಂಡಿಯ ಅಳತೆ ಎಲ್ಲವೂ ಒಂದೇ. ಶಿವರಾತ್ರಿಯ ಹೊತ್ತಿಗೆ ಎಣಿಸಿದಾಗ ಬಡಗಣ ಮಗ್ಗುಲಲ್ಲಿ ಮೂವತ್ತೊಂದು ಸಸಿ ಉಳಿದಿದ್ದವು, ತೆಂಕಣ ಮಗ್ಗುಲಲ್ಲಿ ಒಂಬತ್ತು. ಪಕ್ಕದ ಹೊಲದ ಹಿರಿಯರು ಇದನ್ನು ಕೇಳಿ ಅಚ್ಚರಿಪಡಲಿಲ್ಲ. "ತೆಂಕ್ಲು ಮಗ್ಗುಲು ಸುಡ್ತದೆ, ಬಡಗ್ಲು ಹಸಿ ಹಿಡೀತದೆ, ನಮ್ಮಪ್ಪನ ಕಾಲದಿಂದ್ಲೂ ಹಂಗೇಯ" ಎಂದರು. ಅವರ ಮಾತನ್ನು ನಾನು ಅನುಮಾನಿಸಲಿಲ್ಲ. ಆದರೆ ಎಷ್ಟು ಸುಡುತ್ತದೆ, ಯಾವ ತಿಂಗಳಲ್ಲಿ ಸುಡುತ್ತದೆ, ಸುಟ್ಟದ್ದು ಮಣ್ಣಿನಲ್ಲಿ ಎಷ್ಟು ಆಳಕ್ಕೆ ಕಾಣುತ್ತದೆ ಎಂಬುದು ತಿಳಿದರೆ ನೆಡುವ ಕ್ರಮವನ್ನೇ ಬದಲಿಸಬಹುದೆಂದು ತೋರಿತು. ಆ ಅಳತೆಯ ಕೆಲಸವನ್ನು, ಅದರಲ್ಲಿ ಕೆಟ್ಟದ್ದನ್ನೂ ಸರಿಪಡಿಸಿದ್ದನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ದಿಕ್ಕು ಮತ್ತು ಇಳಿಜಾರು

ಮೊದಲ ಕೆಲಸ ದಿಕ್ಕನ್ನು ಖಚಿತಪಡಿಸಿಕೊಳ್ಳುವುದು. ಮೊಬೈಲಿನ ದಿಕ್ಸೂಚಿ ಕಬ್ಬಿಣದ ಬೇಲಿಯ ಹತ್ತಿರ ಒಂದು ಮಾತು, ದೂರದಲ್ಲಿ ಇನ್ನೊಂದು ಮಾತು ಹೇಳುತ್ತಿತ್ತು. ಆದ್ದರಿಂದ ನಮ್ಮ ಸ್ಥಪತಿಗಳು ದಿಕ್ಕು ತಿಳಿಯಲು ಬಳಸುತ್ತಿದ್ದ ಶಂಕುವಿನ ಕ್ರಮವನ್ನೇ ಹಿಡಿದೆ. ಶಂಕು ಎಂದರೆ ಗೂಟ; ಶಂಕುಸ್ಥಾಪನೆ ಎಂಬ ಮಾತಿನಲ್ಲಿ ಅದು ಇಂದಿಗೂ ಉಳಿದಿದೆ. ದಿಣ್ಣೆಯ ನೆತ್ತಿಯಲ್ಲಿ ಸಮತಟ್ಟು ಮಾಡಿದ ಜಾಗದಲ್ಲಿ ಒಂದು ನೇರ ಸರಳನ್ನು ತೂಗುಗುಂಡಿನ ಸಹಾಯದಿಂದ ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಹಗ್ಗದಿಂದ ವೃತ್ತ ಎಳೆದು, ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬಂದ ಬಿಂದುವನ್ನೂ ಮಧ್ಯಾಹ್ನದ ಮೇಲೆ ಹೊರಗೆ ಹೋದ ಬಿಂದುವನ್ನೂ ಗುರುತಿಸಿದೆ. ಅವೆರಡನ್ನೂ ಸೇರಿಸುವ ಗೆರೆ ಪಡುವಲು–ಮೂಡಲು; ಅದಕ್ಕೆ ಲಂಬವಾಗಿ ಎಳೆದದ್ದು ತೆಂಕಲು–ಬಡಗಲು. ದಿಣ್ಣೆಯ ಬೆನ್ನು ಪಡುವಲು–ಮೂಡಲು ಗೆರೆಗೆ ಕೆಲವೇ ಡಿಗ್ರಿ ಓರೆಯಾಗಿದೆ. ಅಳತೆಗೆ ಇಷ್ಟು ಒಳ್ಳೆಯ ದಿಣ್ಣೆ ಸಿಕ್ಕಿದ್ದು ನನ್ನ ಭಾಗ್ಯ.

ಈ ಕೆಲಸ ಮಾಡುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮ ಗಡಿಯಾರದ ಸಮಯ ಪೂರ್ವ ರೇಖಾಂಶ 82.5 ಡಿಗ್ರಿಯದು, ನಾವಿರುವುದು ಸುಮಾರು 76.6 ಡಿಗ್ರಿಯಲ್ಲಿ. ಹಾಗಾಗಿ ಇಲ್ಲಿ ಸೂರ್ಯ ನಡುನೆತ್ತಿಯ ಗೆರೆಯನ್ನು ದಾಟುವುದು ಹನ್ನೆರಡು ಗಂಟೆಗಲ್ಲ, ಸರಾಸರಿಯಲ್ಲಿ ಹನ್ನೆರಡು ಗಂಟೆ ಇಪ್ಪತ್ತಮೂರು ನಿಮಿಷಕ್ಕೆ. ತಿಂಗಳಿನಿಂದ ತಿಂಗಳಿಗೆ ಇದು ಕಾಲು ಗಂಟೆಯಷ್ಟು ಆಚೀಚೆಯಾಗುತ್ತದೆ.

ಇಳಿಜಾರಿನ ಕೋನಕ್ಕೆ ಶಾಲೆಯ ಕೋನಮಾಪಕ, ದಾರ ಮತ್ತು ಒಂದು ನಟ್ಟು ಸಾಕಾದವು. ಉದ್ದನೆಯ ಹಲಗೆಯನ್ನು ನೆಲಕ್ಕೆ ಒರಗಿಸಿ ಅದರ ಮೇಲೆ ಕೋನಮಾಪಕ ಇಟ್ಟು ಹತ್ತು ಕಡೆ ಓದಿದಾಗ ಎರಡೂ ಮಗ್ಗುಲು ಸರಾಸರಿ 20 ಡಿಗ್ರಿಗೆ ಹತ್ತಿರ ಬಂದವು.

ಇಷ್ಟು ತಿಳಿದ ಮೇಲೆ ಯಂತ್ರವಿಲ್ಲದೆಯೂ ಒಂದು ಲೆಕ್ಕ ಮಾಡಬಹುದು, ಮತ್ತು ಆ ಲೆಕ್ಕವೇ ನನ್ನ ಕಣ್ಣು ತೆರೆಸಿತು. ನಮ್ಮ ಅಕ್ಷಾಂಶ ಸುಮಾರು 12.6 ಡಿಗ್ರಿ. ಡಿಸೆಂಬರ್ ಕೊನೆಯಲ್ಲಿ ಸೂರ್ಯ ನಡುಹಗಲಿನಲ್ಲೂ ತೆಂಕಣ ದಿಗಂತದಿಂದ 54 ಡಿಗ್ರಿಗಿಂತ ಮೇಲೇರುವುದಿಲ್ಲ. ಬಿಸಿಲಿಗೆ ಎದುರಾಗಿ ಹಿಡಿದ ಹಲಗೆಗೆ ಬೀಳುವ ನೇರ ಬಿಸಿಲನ್ನು ನೂರು ಎಂದಿಟ್ಟುಕೊಂಡರೆ, ಆ ಹೊತ್ತಿನಲ್ಲಿ 20 ಡಿಗ್ರಿಯ ತೆಂಕಣ ಇಳಿಜಾರಿಗೆ 96, ಸಮನೆಲಕ್ಕೆ 81, ಬಡಗಣ ಇಳಿಜಾರಿಗೆ 56 ಸಿಗುತ್ತದೆ. ಹಗಲಿರುಳು ಸಮನಾಗುವ ಮಾರ್ಚ್ ವಿಷುವದ ಹೊತ್ತಿಗೆ ತೆಂಕಣಕ್ಕೆ 99, ಬಡಗಣಕ್ಕೆ 84. ಏಪ್ರಿಲ್ 23ರ ಆಸುಪಾಸಿನಲ್ಲಿ ನಮ್ಮ ಶೂನ್ಯ ನೆರಳಿನ ದಿನ, ಅಂದರೆ ನಡುಹಗಲಿನ ಸೂರ್ಯ ನೇರ ನೆತ್ತಿಯ ಮೇಲೆ ನಿಲ್ಲುವ ದಿನ, ಬರುತ್ತದೆ. ಅಂದು ಎರಡಕ್ಕೂ ಸಮಪಾಲು. ಅದು ಕಳೆದ ಮೇಲೆ, ಭರಣಿ ಮಳೆಯ ಕಾಲದಿಂದ ಆಗಸ್ಟ್ 19ರ ಸುಮಾರಿಗೆ ಬರುವ ಎರಡನೆಯ ಶೂನ್ಯ ನೆರಳಿನ ದಿನದವರೆಗೆ, ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಬಡಗಲಿಗೆ ಇರುತ್ತಾನೆ. ಜೂನ್ ಕೊನೆಯಲ್ಲಿ ಬಡಗಣ ಇಳಿಜಾರಿಗೆ 99, ತೆಂಕಣಕ್ಕೆ 86. ಅಂದರೆ ವರ್ಷದ ಹೆಚ್ಚು ಕಡಿಮೆ ನಾಲ್ಕು ತಿಂಗಳು ತಂಪು ಮಗ್ಗುಲು ತೆಂಕಣದ್ದೇ.

ಹಿಮಾಲಯದ ಕಣಿವೆಗಳನ್ನು ನೋಡಿಬಂದವರಿಗೆ ಬಡಗಣ ಮಗ್ಗುಲಲ್ಲಿ ದೇವದಾರು ಕಾಡು, ಎದುರಿನ ತೆಂಕಣ ಮಗ್ಗುಲಲ್ಲಿ ಹುಲ್ಲು ಮಾತ್ರ ಇರುವ ಚಿತ್ರ ನೆನಪಿರುತ್ತದೆ. ಇಸ್ರೇಲಿನ ಕಾರ್ಮೆಲ್ ಬೆಟ್ಟದ ನಹಾಲ್ ಓರೆನ್ ಎಂಬ ಕಣಿವೆಯನ್ನು ಹೈಫಾ ವಿಶ್ವವಿದ್ಯಾಲಯದ ಎವಿಯಾತಾರ್ ನೇವೋ ಅವರು ದೀರ್ಘಕಾಲ ಅಧ್ಯಯನ ಮಾಡಿದರು. ಅಲ್ಲಿ ಕೆಲವೇ ನೂರು ಮೀಟರ್ ಅಂತರದಲ್ಲಿ ಎದುರುಬದುರಾಗಿರುವ ಎರಡು ಇಳಿಜಾರುಗಳಲ್ಲಿ ಒಂದನ್ನು ಆಫ್ರಿಕನ್, ಇನ್ನೊಂದನ್ನು ಯುರೋಪಿಯನ್ ಎಂದು ಕರೆಯುವಷ್ಟು ಗಿಡ ಮತ್ತು ಪ್ರಾಣಿಗಳ ವ್ಯತ್ಯಾಸವಿದೆ. ಆ ಕಡೆಯೆಲ್ಲ ನಡುಹಗಲಿನ ಸೂರ್ಯ ವರ್ಷವಿಡೀ ತೆಂಕಲಲ್ಲೇ ಇರುತ್ತಾನೆ. ಅಲ್ಲಿನ ನಿಯಮವನ್ನು ನಮ್ಮ ಹೊಲಕ್ಕೆ ಹಾಗೆಯೇ ತಂದು ಕೂರಿಸುವಂತಿಲ್ಲ. ಹಾಗಿದ್ದರೂ ನನ್ನ ಸಸಿಗಳ ಎಣಿಕೆ ಹಿಮಾಲಯದ ನಿಯಮವನ್ನೇ ಹೇಳುತ್ತಿತ್ತು. ಇದಕ್ಕೆ ಕಾರಣವನ್ನು ಮಣ್ಣಿನಲ್ಲಿಯೇ ಹುಡುಕಬೇಕಿತ್ತು.

ಲಾಗರ್ ಕಟ್ಟಿದ್ದು, ಮೊದಲ ಸಲ

ಮೈಸೂರಿನ ಮನೆಯ ಮೇಜಿನ ಮೇಲೆ ಮೊದಲಿಗೆ, ಅಳತೆಯನ್ನು ತಾವೇ ಓದಿ ಬರೆದಿಡುವ ಪುಟ್ಟ ಯಂತ್ರಗಳಾದ ಎರಡು ಲಾಗರ್‌ಗಳನ್ನು ಕಟ್ಟಿದೆ. ಮಿದುಳಿಗೆ 3.3 ವೋಲ್ಟಿನ ಆರ್ಡುಯಿನೋ ಪ್ರೋ ಮಿನಿ, ಸಮಯಕ್ಕೆ ಡಿಎಸ್3231 ಗಡಿಯಾರ, ಬರೆದಿಡಲು ಮೈಕ್ರೋ ಎಸ್‌ಡಿ ಕಾರ್ಡು, ಉಷ್ಣತೆಗೆ ಉಕ್ಕಿನ ಕವಚದ ಎರಡು ಡಿಎಸ್18ಬಿ20 ಸೆನ್ಸರ್, ತೇವಕ್ಕೆ ಎರಡು ಕೆಪಾಸಿಟಿವ್ ಸೆನ್ಸರ್. ಒಂದು ಜೋಡಿ 5 ಸೆಂಟಿಮೀಟರ್ ಆಳಕ್ಕೆ, ಇನ್ನೊಂದು 20 ಸೆಂಟಿಮೀಟರ್‌ಗೆ. ಅರ್ಧ ಗಂಟೆಗೊಮ್ಮೆ ಎಚ್ಚರವಾಗಿ, ಓದಿ, ಬರೆದು, ಮತ್ತೆ ನಿದ್ರೆಗೆ ಜಾರುವ ಕ್ರಮ. ಬ್ಯಾಟರಿ ಬಹಳ ದಿನ ಬರಬೇಕಾದ್ದರಿಂದ ಪ್ರೋ ಮಿನಿಯ ಮೇಲೆ ಸದಾ ಉರಿಯುವ ಪುಟ್ಟ ಎಲ್‌ಇಡಿಯನ್ನು ಬೆಸುಗೆ ಕಡ್ಡಿಯಿಂದ ಕಿತ್ತೆ. ಸೆನ್ಸರ್‌ಗಳಿಗೆ ವಿದ್ಯುತ್ತನ್ನು ಓದುವ ಹೊತ್ತಿನಲ್ಲಿ ಮಾತ್ರ ಕೊಡುವಂತೆ ಮಾಡಿದೆ. ಗಡಿಯಾರದ ಮಾಡ್ಯೂಲಿನಲ್ಲಿ ಮರುಚಾರ್ಜ್ ಆಗುವ ಕೋಶಕ್ಕೆಂದು ಚಾರ್ಜಿಂಗ್ ಮಂಡಲ ಇರುತ್ತದೆ. ಅದರಲ್ಲಿ ಸಾಮಾನ್ಯ ಸಿಆರ್2032 ಹಾಕುವವರು ಆ ಮಂಡಲದ ರೆಸಿಸ್ಟರನ್ನು ತೆಗೆದುಬಿಡುವುದು ಕ್ಷೇಮ. ನಾನೂ ತೆಗೆದೆ.

ಪೆಟ್ಟಿಗೆಯಾಗಿ 90 ಮಿಲಿಮೀಟರಿನ ಬಿಳಿ ಪಿವಿಸಿ ಕೊಳವೆಯ ತುಂಡು, ಎರಡು ಕಡೆ ಮುಚ್ಚಳ, ಒಳಗೆ ಸಿಲಿಕಾ ಜೆಲ್ ಚೀಲ. ಜುಲೈ ಮೊದಲ ವಾರದಲ್ಲಿ ಎರಡೂ ಮಗ್ಗುಲಲ್ಲಿ ನೆತ್ತಿಯಿಂದ ಒಂದೇ ಅಂತರ ಕೆಳಗೆ ಹೂತು ಬಂದೆ.

ಮೂರು ವಾರಗಳ ನಂತರ ಕಾರ್ಡು ತೆಗೆದು ನೋಡಿದರೆ ದಾಖಲೆಯ ಅರ್ಧ ಭಾಗ ನಂಬಲು ಯೋಗ್ಯವಾಗಿರಲಿಲ್ಲ. ನಡುನಡುವೆ ಮಣ್ಣಿನ ಉಷ್ಣತೆ 85 ಡಿಗ್ರಿ ಎಂದು ಬರೆದಿತ್ತು. ಡಿಎಸ್18ಬಿ20 ವಿದ್ಯುತ್ ಸಿಕ್ಕ ಕೂಡಲೇ ತನ್ನೊಳಗೆ ಇಟ್ಟುಕೊಳ್ಳುವ ಆರಂಭದ ಸಂಖ್ಯೆ ಅದು. ಹನ್ನೆರಡು ಬಿಟ್ಟಿನ ನಿಖರತೆಯಲ್ಲಿ ಅಳೆಯಲು ಅದಕ್ಕೆ 750 ಮಿಲಿಸೆಕೆಂಡು ಬೇಕು. ಅಷ್ಟು ಕಾಯದೆ ಓದಿದರೆ ಈ 85 ಸಿಗುತ್ತದೆ. ಕಾಯುವ ಸಮಯವನ್ನು ಒಂದು ಸೆಕೆಂಡಿಗೆ ಏರಿಸಿ, 85 ಬಂದರೆ ಮತ್ತೊಮ್ಮೆ ಓದುವಂತೆ ಬರೆದ ಮೇಲೆ ಆ ತೊಂದರೆ ನಿಂತಿತು.

ತೇವದ ಸೆನ್ಸರ್‌ಗಳು ಇದಕ್ಕಿಂತ ಹೆಚ್ಚು ಕಾಡಿದವು. ನಾಲ್ಕರಲ್ಲಿ ಒಂದು ಮೊದಲಿನಿಂದಲೂ ಒಂದೇ ಸಂಖ್ಯೆ ಹೇಳುತ್ತಿತ್ತು. ಭೂತಗನ್ನಡಿಯಲ್ಲಿ ನೋಡಿದಾಗ ಅದರ ಮೇಲಿನ ಟೈಮರ್ ಚಿಪ್ಪು ಕಡಿಮೆ ವೋಲ್ಟಿನಲ್ಲಿ ನಡೆಯುವ ಟಿಎಲ್‌ಸಿ555 ಬದಲು ಎನ್‌ಇ555 ಆಗಿತ್ತು. ಈ ಎರಡನೆಯದಕ್ಕೆ 4.5 ವೋಲ್ಟಾದರೂ ಬೇಕು, ನನ್ನ 3.3 ವೋಲ್ಟಿನಲ್ಲಿ ಅದು ಸರಿಯಾಗಿ ನಡೆಯುವುದಿಲ್ಲ. ಕೊಳ್ಳುವಾಗಲೇ ಚಿಪ್ಪಿನ ಮೇಲಿನ ಅಕ್ಷರ ಓದಿ ಕೊಳ್ಳಬೇಕೆಂಬುದು ಈಗ ಗೊತ್ತಾಗಿದೆ. ಇನ್ನೊಂದು ಸೆನ್ಸರ್ ಮಳೆ ನಿಂತ ಹತ್ತು ದಿನವಾದರೂ ಒದ್ದೆ ಎನ್ನುತ್ತಿತ್ತು. ಪಟ್ಟಿಯಂತಿರುವ ಈ ಸೆನ್ಸರುಗಳ ಮೈಗೆ ಬಣ್ಣದ ಲೇಪವಿದ್ದರೂ ಕತ್ತರಿಸಿದ ಅಂಚು ಬೆತ್ತಲೆಯಾಗಿರುತ್ತದೆ. ಅಲ್ಲಿಂದ ನೀರು ಒಳಗೆ ಹೀರಿಕೊಂಡು ಪಟ್ಟಿಯೇ ನೆನೆದುಬಿಡುತ್ತದೆ. ಎಲ್ಲ ಸೆನ್ಸರ್‌ಗಳನ್ನೂ ತೊಳೆದು, ಎರಡು ದಿನ ಒಣಗಿಸಿ, ಅಂಚುಗಳಿಗೆ ಎಪಾಕ್ಸಿಯನ್ನು ಎರಡು ಸಲ ಬಳಿದು, ಚಿಪ್ಪುಗಳಿರುವ ತಲೆಯ ಭಾಗವನ್ನು ಎಪಾಕ್ಸಿ ತುಂಬಿದ ಕೊಳವೆಯ ತುಂಡಿನೊಳಗೆ ಮುಳುಗಿಸಿ ಗಟ್ಟಿಮಾಡಿದೆ.

ನನ್ನನ್ನು ಬಹಳ ದಿನ ದಾರಿ ತಪ್ಪಿಸಿದ ದೋಷ ಬೇರೆಯೇ ಇತ್ತು. ತೆಂಕಣ ಮಗ್ಗುಲಿನ ಮೇಲ್ಪದರ ಪ್ರತಿದಿನ ಮಧ್ಯಾಹ್ನ ತೇವವಾಗಿ, ರಾತ್ರಿ ಮತ್ತೆ ಒಣಗುವಂತೆ ದಾಖಲೆ ತೋರಿಸುತ್ತಿತ್ತು. ಮಳೆಯಿಲ್ಲದ ದಿನದಲ್ಲಿ ಹೀಗಾಗಲು ಸಾಧ್ಯವಿಲ್ಲ. ಒಂದು ಡಬ್ಬಿಯಲ್ಲಿ ಹದವಾದ ಮಣ್ಣು ತುಂಬಿ, ಸೆನ್ಸರ್ ಹೂತು, ಆವಿ ಹೋಗದಂತೆ ಬಿಗಿಯಾಗಿ ಮುಚ್ಚಿ, ನೆರಳಿನಿಂದ ಬಿಸಿಲಿಗೆ ಇಟ್ಟೆ. ಹನಿ ನೀರೂ ಸೇರದೆ ಓದು ಅದೇ ರೀತಿ ಏರಿತು. ಸೆನ್ಸರೇ ಬಿಸಿಗೆ ಬದಲಾಗುತ್ತಿತ್ತು. ಎರಡು ಮಗ್ಗುಲುಗಳ ಉಷ್ಣತೆಯನ್ನು ಹೋಲಿಸುವ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಮೋಸ ಇನ್ನೊಂದಿಲ್ಲ. ಉಷ್ಣತೆಗೆ ತಕ್ಕಂತೆ ತಿದ್ದುವ ಸೂತ್ರವನ್ನು ಪ್ರಯತ್ನಿಸಿದೆನಾದರೂ ಕೊನೆಗೆ ಸರಳ ದಾರಿಯನ್ನೇ ಹಿಡಿದೆ: ತೇವದ ಹೋಲಿಕೆಗೆ ಬೆಳಗಿನ ಆರು ಗಂಟೆಯ ಓದನ್ನು ಮಾತ್ರ ತೆಗೆದುಕೊಳ್ಳುವುದು. ಆ ಹೊತ್ತಿನಲ್ಲಿ ಎರಡೂ ಮಗ್ಗುಲಿನ ಮಣ್ಣು ಹೆಚ್ಚು ಕಡಿಮೆ ಒಂದೇ ಉಷ್ಣತೆಯಲ್ಲಿರುತ್ತದೆ.

ಓದಿನ ಸಂಖ್ಯೆಯನ್ನು ತೇವದ ಪ್ರಮಾಣಕ್ಕೆ ತಿರುಗಿಸಲು ಎರಡೂ ಮಗ್ಗುಲಿನ ಮಣ್ಣನ್ನು ಬೇರೆ ಬೇರೆಯಾಗಿ ತಂದು, ಓವನ್‌ನಲ್ಲಿ 105 ಡಿಗ್ರಿಯಲ್ಲಿ ಒಂದು ಹಗಲು ಒಂದು ರಾತ್ರಿ ಒಣಗಿಸಿ, ತೂಕಮಾಡಿದ ನೀರನ್ನು ಹಂತಹಂತವಾಗಿ ಬೆರೆಸಿ, ಯಾವ ಓದಿಗೆ ಎಷ್ಟು ತೇವ ಎಂಬ ಪಟ್ಟಿ ತಯಾರಿಸಿದೆ. ಒಂದೇ ಪಟ್ಟಿಯನ್ನು ಎರಡಕ್ಕೂ ಬಳಸಬಹುದಿತ್ತೆಂದು ಮೊದಲು ಅಂದುಕೊಂಡಿದ್ದೆ. ಹಾಗೆ ಮಾಡಿದ್ದರೆ ತಪ್ಪಾಗುತ್ತಿತ್ತು, ಏಕೆಂದರೆ ಎರಡೂ ಮಣ್ಣುಗಳು ಬೇರೆ ಬೇರೆ ಪಟ್ಟಿಗಳನ್ನು ಕೊಟ್ಟವು. ದಿಣ್ಣೆಯ ಎರಡು ಮಗ್ಗುಲಿನ ಮಣ್ಣು ಬೇರೆ ಎಂಬ ಮೊದಲ ಸಾಕ್ಷಿ ನನಗೆ ಸಿಕ್ಕಿದ್ದು ಅಡಿಗೆಮನೆಯ ತಕ್ಕಡಿಯಿಂದ.

ಗಾಳಿಯ ಉಷ್ಣತೆಗೆ ಬೆತ್ತಲೆ ಸೆನ್ಸರನ್ನು ಗೂಟಕ್ಕೆ ಕಟ್ಟಿದ್ದೂ ತಪ್ಪೇ ಆಗಿತ್ತು; ಅದು ಗಾಳಿಯನ್ನು ಬಿಟ್ಟು ಬಿಸಿಲನ್ನೇ ಅಳೆಯುತ್ತಿತ್ತು. ಹೂಕುಂಡಗಳ ಕೆಳಗಿಡುವ ಬಿಳಿ ತಟ್ಟೆಗಳನ್ನು ಮಗುಚಿ, ಒಂದರ ಮೇಲೊಂದು ಎರಡು ಬೆರಳಿನ ಸಂದು ಬಿಟ್ಟು ಸರಳಿನಲ್ಲಿ ಪೋಣಿಸಿ ಗೂಡು ಮಾಡಿ ಅದರೊಳಗೆ ಇಟ್ಟೆ. ಮರದ ಗೂಟಗಳನ್ನು ಗೆದ್ದಲು ತಿಂದದ್ದರಿಂದ ಕಲ್ಲುಕಂಬದ ತುಂಡುಗಳಿಗೆ ಬದಲಿಸಿದೆ. ಕೇಬಲ್ಲುಗಳನ್ನು ಇಲಿ ಕಡಿದ ಮೇಲೆ ಅವೂ ಕೊಳವೆಯೊಳಗೆ ಹೋದವು.

ಎರಡು ಕಡೆ ಹೂತ ಎರಡು ಲಾಗರ್‌ಗಳಿಂದ ಒಂದು ದಿಣ್ಣೆಯನ್ನು ಅಳೆದೆನೆಂದು ಹೇಳುವುದು ಸರಿಯಲ್ಲ. ಪಕ್ಕದಲ್ಲೊಂದು ಬಂಡೆಯಿದ್ದರೂ, ಒಂದು ಪೊದೆಯ ನೆರಳು ಬಿದ್ದರೂ ಲೆಕ್ಕ ಬದಲಾಗುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಇನ್ನೂ ನಾಲ್ಕನ್ನು ಕಟ್ಟಿ, ಪ್ರತಿ ಮಗ್ಗುಲಿಗೆ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಮೂರು ಇಟ್ಟೆ.

ಗುಂಡಿ ತೋಡಿ ನೋಡಿದ್ದು

ಲಾಗರ್ ಹೇಳುವುದು ಇವತ್ತಿನ ಹವೆಯನ್ನು. ಸಾವಿರಾರು ವರ್ಷದ ಹವೆ ಏನು ಮಾಡಿದೆ ಎಂಬುದನ್ನು ಹಾರೆ ಗುದ್ದಲಿಗಳಿಂದ ತಿಳಿಯಬೇಕು. ಪ್ರತಿ ಮಗ್ಗುಲಲ್ಲಿ ನಡುಭಾಗದ ಲಾಗರ್‌ನಿಂದ ಐದು ಹೆಜ್ಜೆ ಪಕ್ಕಕ್ಕೆ, ಒಂದು ಮೀಟರ್ ಅಗಲದ ಗುಂಡಿ ತೋಡಿಸಿದೆ. ಬಡಗಣ ಗುಂಡಿಯಲ್ಲಿ ಮೇಲಿನ ನಾಲ್ಕು ಬೆರಳು ಕಂದುಗಪ್ಪು, ಬೇರುಗಳಿಂದ ಹೆಣೆದ ಪುಡಿ ಮಣ್ಣು. ಅದರ ಕೆಳಗೆ ಕೆಂಪಾಗುತ್ತ ಹೋಗಿ ಜಿಗುಟು ಹೆಚ್ಚಿ, 55 ಸೆಂಟಿಮೀಟರಿಗೆ ಸುದ್ದೆ, ಅಂದರೆ ಕೊಳೆತ ಕಲ್ಲು, ಸಿಕ್ಕಿತು. ತೆಂಕಣ ಗುಂಡಿಯಲ್ಲಿ ಮೇಲಿನಿಂದಲೇ ತಿಳಿಗೆಂಪು, ತುಂಬ ಗರಸು, ಮೇಲೆ ಹಪ್ಪಳದಂತೆ ಗಟ್ಟಿಯಾದ ತೆಳು ಪದರ. 22 ಸೆಂಟಿಮೀಟರಿಗೇ ಹಾರೆ ಕೊಳೆತ ಕಲ್ಲಿಗೆ ತಾಗಿತು.

ಮಣ್ಣು ಹುಟ್ಟುವುದರಲ್ಲಿ ಹವೆ, ಜೀವಿಗಳು, ನೆಲದ ಏರುತಗ್ಗು, ಮೂಲಶಿಲೆ, ಕಾಲ ಎಂಬ ಐದು ಕಾರಣಗಳು ಕೂಡಿವೆ ಎಂದು ಮಣ್ಣಿನ ವಿಜ್ಞಾನಿ ಹಾನ್ಸ್ ಯೆನ್ನಿ 1941ರಲ್ಲಿ ವಿವರಿಸಿದರು. ಒಂದನ್ನು ಬಿಟ್ಟು ಉಳಿದವನ್ನು ಸಮನಾಗಿ ಹಿಡಿದರೆ ಆ ಒಂದರ ಕೆಲಸ ಕಾಣುತ್ತದೆ ಎಂಬುದು ಅವರ ವಿಚಾರದ ತಿರುಳು. ನನ್ನ ದಿಣ್ಣೆಯಲ್ಲಿ ಶಿಲೆ ಎರಡೂ ಕಡೆ ಅದೇ ನೈಸ್ (gneiss) ಕಲ್ಲು, ನಮ್ಮ ನಾಡಿನ ತಳಹದಿಯಾದ, ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು. ಕಾಲ ಒಂದೇ, ಇಳಿಜಾರಿನ ಕಡಿದೂ ಒಂದೇ. ಬೇರೆಯಾಗಿರುವುದು ಮುಖ ಮಾಡಿದ ದಿಕ್ಕು. ಅದರಿಂದ ಹವೆ ಬೇರೆಯಾಗುತ್ತದೆ, ಹವೆಯಿಂದ ಗಿಡಗಳು ಬೇರೆಯಾಗುತ್ತವೆ.

ಗುಂಡಿಯ ಮಣ್ಣಿನ ಮೇಲೆ ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳನ್ನೆಲ್ಲ ಮಾಡಿದೆ. ಗಾಜಿನ ಬಾಟಲಿಯಲ್ಲಿ ಕುಲುಕಿಟ್ಟಾಗ ಬಡಗಣ ಮಣ್ಣಿನ ನೀರು ಮೂರು ದಿನವಾದರೂ ತಿಳಿಯಾಗಲಿಲ್ಲ. ಜೇಡಿಯ ಪಾಲು ಅದರಲ್ಲಿ ಹೆಚ್ಚು. ಒಣಗಿದ ಹೆಂಟೆಯನ್ನು ಜಾಲರಿಯ ಮೇಲಿಟ್ಟು ನೀರಿಗೆ ಇಳಿಸಿದಾಗ ತೆಂಕಣದ್ದು ಒಂದೇ ನಿಮಿಷದಲ್ಲಿ ಕರಗಿ ಕುಸಿಯಿತು, ಬಡಗಣದ್ದು ಅರ್ಧ ಗಂಟೆ ಆಕಾರ ಹಿಡಿದು ನಿಂತಿತು. 30 ಸೆಂಟಿಮೀಟರ್ ಅಡ್ಡಳತೆಯ ತಗಡಿನ ಬಳೆಯನ್ನು ನೆಲಕ್ಕೆ ಬಡಿದು ಐದು ಲೀಟರ್ ನೀರು, ಅಂದರೆ ಸುಮಾರು 7 ಸೆಂಟಿಮೀಟರ್ ಮಳೆಯಷ್ಟು, ಸುರಿದಾಗ ಬಡಗಣ ನೆಲ ಅದನ್ನು ಹತ್ತೊಂಬತ್ತು ನಿಮಿಷದಲ್ಲಿ ಕುಡಿಯಿತು. ತೆಂಕಣ ನೆಲಕ್ಕೆ ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಮೂರು ಮೂರು ಕಡೆ ಮಾಡಿದಾಗಲೂ ಕ್ರಮ ಬದಲಾಗಲಿಲ್ಲ.

ಈ ಪರೀಕ್ಷೆಗಳು ಒಂದಕ್ಕೊಂದು ಕೊಂಡಿಯಾಗಿವೆ. ಬಿಸಿಲು ಹೆಚ್ಚು ಬಿದ್ದಲ್ಲಿ ನೀರು ಬೇಗ ಆರುತ್ತದೆ, ಗಿಡ ವಿರಳವಾಗುತ್ತದೆ, ಉದುರುವ ಎಲೆ ಕಡಿಮೆಯಾಗುತ್ತದೆ, ಮಣ್ಣಿನ ಕಣಗಳನ್ನು ಅಂಟಿಸಿ ಹಿಡಿಯುವ ಸಾವಯವ ವಸ್ತು ಸಾಲದೆ ಹೋಗುತ್ತದೆ, ಮಳೆಹನಿ ಬಡಿದಾಗ ಹೆಂಟೆ ಒಡೆದು ಮೇಲೆ ಹಪ್ಪಳ ಕಟ್ಟುತ್ತದೆ, ನೀರು ಇಂಗದೆ ಹರಿದು ಮಣ್ಣನ್ನು ಒಯ್ಯುತ್ತದೆ, ಉಳಿದ ಮಣ್ಣು ತೆಳ್ಳಗಾಗಿ ಮುಂದಿನ ಮಳೆಯ ನೀರನ್ನು ಇನ್ನೂ ಕಡಿಮೆ ಹಿಡಿಯುತ್ತದೆ. ಇಂಥ ಮಣ್ಣು ಗಿಡಕ್ಕೆ ಸಿಗುವಂತೆ ತನ್ನ ಗಾತ್ರದ ನೂರಕ್ಕೆ ಹನ್ನೊಂದರಷ್ಟು ನೀರು ಹಿಡಿಯುತ್ತದೆ ಎಂದು ಅಂದಾಜಿಟ್ಟರೆ, 55 ಸೆಂಟಿಮೀಟರಿನ ಬಡಗಣ ಮಣ್ಣಿನಲ್ಲಿ 60 ಮಿಲಿಮೀಟರ್, 22 ಸೆಂಟಿಮೀಟರಿನ ತೆಂಕಣ ಮಣ್ಣಿನಲ್ಲಿ 24 ಮಿಲಿಮೀಟರ್ ನೀರು ನಿಲ್ಲುತ್ತದೆ. ದಿನಕ್ಕೆ 4 ಮಿಲಿಮೀಟರ್ ಖರ್ಚಾದರೆ ಒಂದಕ್ಕೆ ಹದಿನೈದು ದಿನ, ಇನ್ನೊಂದಕ್ಕೆ ಆರು ದಿನ. ಬಿಸಿಲಿನ ವ್ಯತ್ಯಾಸವನ್ನು ಬದಿಗಿಟ್ಟರೂ ಬರೀ ಮಣ್ಣಿನ ಆಳವೇ ಸಸಿಯ ಹಣೆಬರಹವನ್ನು ಇಷ್ಟು ಬದಲಿಸುತ್ತದೆ.

ಗಿಡಗಳ ಎಣಿಕೆಗೆ ಹತ್ತು ಮೀಟರಿನ ಚೌಕ ಹಾಕಿದೆ. ತೆಂಕಣದಲ್ಲಿ ತಂಗಡಿ, ಕಾರೆ, ಬಂದರಿಕೆ, ನಡುನಡುವೆ ಬೋಳು ನೆಲ. ಬಡಗಣದಲ್ಲಿ ಇವೂ ಇವೆ. ಜೊತೆಗೆ ಬಂಡೆಯ ಬುಡದಲ್ಲಿ ಜರಿಗಿಡ ಮತ್ತು ಪಾಚಿ, ಪೊದೆಗಳ ನೆರಳಲ್ಲಿ ತಾವಾಗಿ ಹುಟ್ಟಿದ ಮೂರು ಶ್ರೀಗಂಧದ ಸಸಿ, ಡಿಸೆಂಬರಿನವರೆಗೂ ಎರೆಹುಳುವಿನ ಹಿಕ್ಕೆ. ಲಂಟಾನ ಎರಡೂ ಕಡೆ ಇದೆ, ಬಡಗಣದಲ್ಲಿ ಹೆಚ್ಚು ಸೊಕ್ಕಿದೆ. ತಂಪು ಮಗ್ಗುಲಿನ ಲಾಭ ನಮಗೆ ಬೇಡದ ಗಿಡಕ್ಕೂ ಸಲ್ಲುತ್ತದೆ.

ಒಂದು ವರ್ಷದ ಓದು

ಜೂನ್ ಮತ್ತು ಜುಲೈ ತಿಂಗಳಿನಲ್ಲಿ ಎರಡು ಮಗ್ಗುಲುಗಳ ಉಷ್ಣತೆಯಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಲೆಕ್ಕದ ಪ್ರಕಾರ ಬಡಗಣದ್ದು ಬಿಸಿಯಾಗಬೇಕಿತ್ತು. ಆದರೆ ಮೋಡ ಮುಚ್ಚಿದ ಆಕಾಶದಲ್ಲಿ ಬೆಳಕು ಎಲ್ಲ ಕಡೆಯಿಂದ ಚದುರಿ ಬರುವುದರಿಂದ ಇಳಿಜಾರಿನ ದಿಕ್ಕು ಅರ್ಥ ಕಳೆದುಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ತೆಂಕಣ ಮಗ್ಗುಲನ್ನು ಒಣಗಿಸುವುದು ಬಿಸಿಲಿಗಿಂತ ಹೆಚ್ಚಾಗಿ ಆಷಾಢದ ಗಾಳಿ. ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿರುವ ನಮ್ಮ ಸೀಮೆಗೆ ಆ ಗಾಳಿ ನೈಋತ್ಯದಿಂದ ಮಳೆಯನ್ನು ಕಳೆದುಕೊಂಡು ಬರುತ್ತದೆ, ರಭಸವನ್ನು ಕಳೆದುಕೊಳ್ಳದೆ ಬರುತ್ತದೆ.

ಸೆಪ್ಟೆಂಬರ್ ಮತ್ತು ಅಕ್ಟೋಬರಿನಲ್ಲಿ ನಮ್ಮ ಒಳ್ಳೆಯ ಮಳೆ. ಹಸ್ತ, ಚಿತ್ತೆ ಕಳೆದು ಸ್ವಾತಿಯ ಕೊನೆಯ ಮಳೆ ಬಿದ್ದ ಮರುದಿನ ಎರಡೂ ಮಗ್ಗುಲಿನ ಮೇಲ್ಪದರ ತುಂಬ ತೇವದಲ್ಲಿತ್ತು. ಅಲ್ಲಿಂದ ಗೆರೆಗಳು ಬೇರೆಯಾದವು. 20 ಸೆಂಟಿಮೀಟರ್ ಆಳದಲ್ಲಿ ತೆಂಕಣ ಮಗ್ಗುಲಿನ ಹದ ಆರಿದ್ದು ಹನ್ನೆರಡನೆಯ ದಿನ. ಬಡಗಣದಲ್ಲಿ ಅದೇ ಮಟ್ಟಕ್ಕೆ ಇಳಿದದ್ದು ಮೂವತ್ತೊಂದನೆಯ ದಿನ. ನಡುವಿನ ಹತ್ತೊಂಬತ್ತು ದಿನಗಳಲ್ಲಿ ಬಡಗಣ ಮಗ್ಗುಲಿನ ಗಿಡಗಳು ಇನ್ನೂ ಹಸಿರಾಗಿದ್ದವು, ಎಲೆಗೊಬ್ಬರ ಇನ್ನೂ ಕೊಳೆಯುತ್ತಿತ್ತು, ಬೇರು ಇನ್ನೂ ಕೆಳಗಿಳಿಯುತ್ತಿತ್ತು. ಜನವರಿಯ ಮಧ್ಯಾಹ್ನ ಎರಡು ಗಂಟೆಗೆ 5 ಸೆಂಟಿಮೀಟರ್ ಆಳದಲ್ಲಿ ತೆಂಕಣದ್ದು 39 ಡಿಗ್ರಿ, ಬಡಗಣದ್ದು 31. ಬೆಳಗಿನ ಇಬ್ಬನಿ ತೆಂಕಣದಲ್ಲಿ ಬೇಗ ಆರಿದರೆ ಬಡಗಣದಲ್ಲಿ, ಎಳೆಬಿಸಿಲು ದಿಣ್ಣೆಯ ಬೆನ್ನನ್ನು ದಾಟಿ ಬರಬೇಕಾದ್ದರಿಂದ, ಅರ್ಧ ಗಂಟೆಗೂ ಹೆಚ್ಚು ಹೊತ್ತು ಉಳಿಯುತ್ತಿತ್ತು.

ನನ್ನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಬಡಗಣ ಮಗ್ಗುಲು ಹೆಚ್ಚು ಬಿಸಿಲು ಪಡೆಯುವ ತಿಂಗಳುಗಳಲ್ಲಿ ಮೋಡವಿರುತ್ತದೆ, ಮಳೆಯ ನೀರೂ ಇರುತ್ತದೆ. ತೆಂಕಣ ಮಗ್ಗುಲು ಹೆಚ್ಚು ಬಿಸಿಲು ಪಡೆಯುವ ನವೆಂಬರಿನಿಂದ ಮಾರ್ಚಿನವರೆಗೆ ಆಕಾಶ ತಿಳಿಯಾಗಿರುತ್ತದೆ, ಹೊಸ ನೀರು ಬರುವುದಿಲ್ಲ. ವರ್ಷದ ಒಟ್ಟು ಬಿಸಿಲನ್ನು ಹೋಲಿಸಿದರೆ ಅಂತರ ಅಷ್ಟೇನೂ ದೊಡ್ಡದಾಗಿ ಕಾಣದಿರಬಹುದು. ಆ ಅಂತರ ಬೀಳುವ ಕಾಲ ಮಾತ್ರ ಮಣ್ಣಿಗೆ ಅತ್ಯಂತ ಕಷ್ಟದ ಕಾಲ. ಹಿಮಾಲಯದಲ್ಲಿ ಸೂರ್ಯನೊಬ್ಬನೇ ಮಾಡುವ ಕೆಲಸವನ್ನು ನಮ್ಮಲ್ಲಿ ಸೂರ್ಯ ಮತ್ತು ಮಳೆಯ ಪಂಚಾಂಗ ಸೇರಿ ಮಾಡುತ್ತವೆ.

ನೆಡುವ ಕ್ರಮ ಬದಲಿಸಿದ್ದು

ಇದನ್ನು ನೋಡಿದ ಮೇಲೆ ಎರಡೂ ಮಗ್ಗುಲಿಗೆ ಒಂದೇ ದಿನ ಒಂದೇ ಸಸಿ ನೆಡುವುದನ್ನು ಬಿಟ್ಟೆ. ತೆಂಕಣ ಮಗ್ಗುಲಿಗೆ ಜೂನ್ ಕೊನೆಯಲ್ಲಿ, ಆರಿದ್ರಾ ಮಳೆಯ ಹೊತ್ತಿಗೇ ನೆಡಬೇಕು. ಆಗ ಸೂರ್ಯ ಬಡಗಲಿಗೆ ಸರಿದಿರುತ್ತಾನೆ, ಮತ್ತು ಆಗಸ್ಟ್ 19ರ ಸುಮಾರಿಗೆ ಬಿಸಿಲು ಈ ಕಡೆ ತಿರುಗುವ ಮೊದಲು ಬೇರಿಳಿಯಲು ಸುಮಾರು ಎರಡು ತಿಂಗಳು ಸಿಗುತ್ತದೆ. ಹಿಂದಿನ ಸಲ ನಾನು ಆಗಸ್ಟ್ ಮಧ್ಯದಲ್ಲಿ ನೆಡಿಸಿದ್ದೆ. ಅಂದರೆ ಸೂರ್ಯ ತಿರುಗಿ ಬರುವ ವಾರದಲ್ಲಿ. ಆಷಾಢದ ಗಾಳಿಗೆ ಅಡ್ಡವಾಗಿ ಪ್ರತಿ ಸಸಿಯ ನೈಋತ್ಯಕ್ಕೆ ಮೊಣಕಾಲೆತ್ತರದ ಕಲ್ಲುಗೋಡೆ ಪೇರಿಸಿದೆವು. ಚಳಿಗಾಲದ ಮಧ್ಯಾಹ್ನದ ಬಿಸಿಲೂ ನೈಋತ್ಯದಿಂದಲೇ ಬರುವುದರಿಂದ ಅದೇ ಗೋಡೆ ಜನವರಿಯಲ್ಲಿ ಬುಡಕ್ಕೆ ನೆರಳು ಕೊಡುತ್ತದೆ.

ನೀರು ಹರಿದುಹೋಗದಂತೆ ಎ ಆಕಾರದ ಮರದ ಚೌಕಟ್ಟಿಗೆ ತೂಗುಗುಂಡು ಕಟ್ಟಿ ಸಮಪಾತಳಿಯ ಗೆರೆಗಳನ್ನು ಗುರುತಿಸಿ, ಗೆರೆಯ ಮೇಲೆ ಅರ್ಧಚಂದ್ರಾಕಾರದ ಬದುಗಳನ್ನು ಹಾಕಿದೆವು. ಅದರೊಳಗೆ ಹಪ್ಪಳವನ್ನು ಗುದ್ದಲಿಯಿಂದ ಒಡೆದು, ಬಡಗಣ ಮಗ್ಗುಲಿನಿಂದ ಕಡಿದ ಲಂಟಾನದ ಸೊಪ್ಪನ್ನು, ಹೂಬಿಡುವ ಮೊದಲೇ ಕತ್ತರಿಸಿ, ನಾಲ್ಕು ಬೆರಳು ದಪ್ಪ ಹೊದಿಸಿದೆವು. ಹೊದಿಕೆಯಿದ್ದ ಒಂದು ಗುಂಡಿಯಲ್ಲಿ ಒಂದು ಲಾಗರನ್ನು ಇಟ್ಟಿದ್ದೆ. ಜನವರಿಯಲ್ಲಿ ಅದರ ಮಧ್ಯಾಹ್ನದ ಓದು 32 ಡಿಗ್ರಿ. ಅಂದರೆ ಬಡಗಣ ಮಗ್ಗುಲಿನ ಬೋಳು ನೆಲಕ್ಕೆ ಬಹಳ ಹತ್ತಿರ. ಮಣ್ಣಿನ ಆಳವನ್ನು ನಾನು ಈ ಜನ್ಮದಲ್ಲಿ ಹೆಚ್ಚಿಸಲಾರೆ, ಮೇಲ್ಮೈಯ ಬಿಸಿಯನ್ನು ಒಂದೇ ಮಧ್ಯಾಹ್ನದಲ್ಲಿ ಇಳಿಸಬಲ್ಲೆ ಎಂಬುದು ಆ ಒಂದು ಸಂಖ್ಯೆಯಿಂದ ಖಚಿತವಾಯಿತು.

ತೆಂಕಣಕ್ಕೆ ಕಗ್ಗಲಿ, ಬೇವು, ಕಮರ. ಬಡಗಣಕ್ಕೆ ನೆಲ್ಲಿ, ಬಾಗೆ, ಮತ್ತು ತೊಗರಿಯ ಆಸರೆಯಲ್ಲಿ ಶ್ರೀಗಂಧ. ಗಂಧದ ಬೇರು ಬೇರೆ ಗಿಡದ ಬೇರನ್ನು ಹಿಡಿದು ಬದುಕುವುದರಿಂದ ತೊಗರಿಯನ್ನು ಮೊದಲೇ ಬಿತ್ತಿದ್ದೆವು. ಬಡಗಣದ ನೆಡುವಿಕೆಯನ್ನು ಸೆಪ್ಟೆಂಬರಿಗೆ ತಳ್ಳಿದೆ. ಅಲ್ಲಿ ಹದ ಡಿಸೆಂಬರಿನವರೆಗೆ ನಿಲ್ಲುವುದರಿಂದ ತಡವಾದರೂ ನಷ್ಟವಿಲ್ಲ, ಮತ್ತು ಕೆಲಸದಾಳುಗಳನ್ನು ಒಂದೇ ವಾರದಲ್ಲಿ ಎರಡೂ ಕಡೆ ಹೊಂದಿಸುವ ಪರದಾಟ ತಪ್ಪಿತು.

ಶಿವರಾತ್ರಿಗೆ ಮತ್ತೆ ಎಣಿಸಿದೆ. ತೆಂಕಣದ ನಲವತ್ತರಲ್ಲಿ ಇಪ್ಪತ್ತಾರು ಸಸಿ ಹಸಿರಾಗಿದ್ದವು, ಬಡಗಣದ ನಲವತ್ತರಲ್ಲಿ ಮೂವತ್ತಮೂರು. ತೆಂಕಣದಲ್ಲಿ ಸತ್ತ ಹದಿನಾಲ್ಕರಲ್ಲಿ ಒಂಬತ್ತು ಸಸಿ ದಿಣ್ಣೆಯ ಪಡುವಲ ತುದಿಯಲ್ಲಿ, ಇಳಿಜಾರು ನೈಋತ್ಯಕ್ಕೆ ತಿರುಗುವ ಕಡೆ ಇದ್ದವು. ಅಲ್ಲಿ ಲಾಗರ್ ಇರಲಿಲ್ಲ. ಬೆಳಗಿನ ಬಿಸಿಲು ಇಬ್ಬನಿಯನ್ನು ಆರಿಸುವುದರಲ್ಲಿ ಸ್ವಲ್ಪ ಖರ್ಚಾಗುತ್ತದೆ, ಮಧ್ಯಾಹ್ನದ ಬಿಸಿಲು ಒಣಗಿದ ನೆಲಕ್ಕೆ ಬಿದ್ದು ಪೂರ್ತಿ ಬಿಸಿಯಾಗಿಯೇ ಉಳಿಯುತ್ತದೆ. ಆ ಮೂಲೆಗೆ ಬೀಳುವುದು ಎರಡನೆಯ ಬಗೆಯ ಬಿಸಿಲು. ಬಡಗಣದ ಕೆಳಗಿನ ಲಾಗರನ್ನು ಕಿತ್ತು, ಬ್ಯಾಟರಿ ಬದಲಿಸಿ, ಎಪಾಕ್ಸಿಯ ಅಂಚುಗಳನ್ನು ಮತ್ತೊಮ್ಮೆ ಬಳಿದು, ಮಾರ್ಚ್ ಎರಡನೆಯ ವಾರದಲ್ಲಿ ಆ ಮೂಲೆಯಲ್ಲಿ ಹೂತು ಬಂದಿದ್ದೇನೆ.